ಭಾನುವಾರ ಹಾಲು ಕರೆಯುವುದು ಯಾರು?

ಬದಿಯಡ್ಕದ ಕಡೆಯಿಂದ ಟೀಚರ್ ಒಬ್ಬರು ಬರೆದಿದ್ದಾರೆ. ಕಳೆದ ವರ್ಷ 21 ಕಿ.ಮೀ. ಓಡಿ ಮುಗಿಸಿದ್ದಾರೆ. ಬರುವ ಜನವರಿಯಲ್ಲಿ ಮುಂಬೈಯ ಪೂರ್ತಿ ಮ್ಯಾರಥಾನಿಗೆ ಹೆಸರು ಕೊಟ್ಟಿದ್ದಾರೆ. ಆದರೆ ಓಣಂ ಪರೀಕ್ಷೆಯ ಪೇಪರು, ಬಿಡದ ಮಳೆ, ಅತ್ತೆಯವರ ಜ್ವರ ಎಲ್ಲ ಒಟ್ಟಿಗೆ ಬಂದು, ಮೂರು ವಾರದಲ್ಲಿ ಓಡಿದ್ದು ಎರಡೇ ದಿನ. ಗಂಡ ಮಂಗಳೂರಿನ ಕೆಲಸ ಮುಗಿಸಿ ಮನೆ ಸೇರುವಾಗ ರಾತ್ರಿ ಎಂಟು. ಒಂಬತ್ತನೇ ಕ್ಲಾಸಿನ ಮಗ, ನಾಲ್ಕನೇ ಕ್ಲಾಸಿನ ಮಗಳು, ಹಟ್ಟಿಯಲ್ಲಿ ಒಂದು ದನ. "ಯಾರಿಗೂ ತೊಂದರೆ ಆಗದ ಹಾಗೆ ಓಡಬೇಕು ಅಂದುಕೊಂಡಿದ್ದೆ. ಆಗುತ್ತಿಲ್ಲ. ಬಿಟ್ಟುಬಿಡಲೇ?" ಎಂದು ಕೇಳಿದ್ದಾರೆ.

ಟೀಚರ್, ನಮಸ್ಕಾರ. ಬಿಡಬೇಡಿ.

ನೀವು ಬರೆದದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮಳೆಯೂ ಅಲ್ಲ, ಪೇಪರೂ ಅಲ್ಲ. "ಯಾರಿಗೂ ತೊಂದರೆ ಆಗದ ಹಾಗೆ" ಎಂಬ ಮಾತು. 5 ಕಿ.ಮೀ. ಆದರೆ ಹಾಗೆ ಓಡಬಹುದು. ಎಲ್ಲರೂ ಏಳುವ ಮೊದಲು ಹೋಗಿ ಬಂದು, ದೋಸೆ ಕಾವಲಿ ಒಲೆಗೆ ಇಡಬಹುದು. ಮ್ಯಾರಥಾನ್ ಅಂದರೆ 42.195 ಕಿ.ಮೀ. ಕಾಸರಗೋಡಿನಿಂದ ಹೊರಟರೆ ತಲಪಾಡಿ ಗಡಿ ದಾಟಿ ಇನ್ನೂ ಮುಂದೆ ಹೋಗಬೇಕು. ಇದಕ್ಕೆ ತಯಾರಾಗುವಾಗ ವಾರಕ್ಕೊಮ್ಮೆ ಮೂರು ಗಂಟೆ, ಕೊನೆಕೊನೆಗೆ ನಾಲ್ಕು ಗಂಟೆ ನೀವು ಮನೆಯಲ್ಲಿ ಇರುವುದಿಲ್ಲ. ಮನೆಗೆ ಗೊತ್ತಾಗದ ಹಾಗೆ ಇದನ್ನು ಮಾಡಲು ಬರುವುದಿಲ್ಲ.

ನಾನೂ ಹಾಗೇ ಮಾಡಿ ಪೆಟ್ಟು ತಿಂದವನು. ಒಂದು ವರ್ಷ ದೀಪಾವಳಿ ವಿಶೇಷಾಂಕದ ಗಡಿಬಿಡಿಯಲ್ಲಿ ಎರಡು ವಾರ ಓಟ ತಪ್ಪಿತು. ತಪ್ಪಿದ್ದನ್ನೆಲ್ಲ ಸೇರಿಸಿ ಹೊಡೆಯೋಣ ಎಂದು ಒಂದೇ ವಾರ ಐದು ದಿನ ಓಡಿದೆ. ಐದನೇ ದಿನ ಮೊಣಕಾಲಿನ ಕೆಳಗೆ, ಎಲುಬಿನ ಉದ್ದಕ್ಕೂ ನೋವು. ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ತಿಂಗಳುಗಟ್ಟಲೆ ಓಟ ಇಲ್ಲ. ಮನೆಯಲ್ಲಿ ಏನೂ ಹೇಳಿರಲಿಲ್ಲವಾದ್ದರಿಂದ ಆ ನೋವನ್ನೂ ಮುಚ್ಚಿಟ್ಟೆ. ಅದು ಕಾಲುನೋವಿಗಿಂತ ಜಾಸ್ತಿ ಕಷ್ಟವಾಗಿತ್ತು.

ಉಸಿರು ಬೇಗ ಪಳಗುತ್ತದೆ. ಎಲುಬು, ಸ್ನಾಯುವಿನ ತುದಿಯ ನಾರು ಇವೆಲ್ಲ ನಿಧಾನ. ಉಸಿರು "ಆಗುತ್ತದೆ" ಎನ್ನುವ ದಿನ ಕಾಲು ಇನ್ನೂ ತಯಾರಾಗಿರುವುದಿಲ್ಲ. ಅದಕ್ಕೇ ಹೇಳುತ್ತೇನೆ, ತಪ್ಪಿದ ಓಟ ಹೋಯಿತು. ಅದನ್ನು ಬಾಕಿ ಎಂದು ಬರೆದಿಟ್ಟುಕೊಳ್ಳಬೇಡಿ. ಮೂರು ವಾರಕ್ಕೆ ಕಸುವು ಸ್ವಲ್ಪ ಇಳಿದಿರುತ್ತದೆ, ಅಷ್ಟೆ. ಕಳೆದ ವರ್ಷದ 21 ಕಿ.ಮೀ. ನಿಮ್ಮ ಕಾಲಿನಲ್ಲಿ ಇನ್ನೂ ಇದೆ.

ಮುಂಬೈಯ ಓಟ ಜನವರಿಯ ಮೂರನೇ ಭಾನುವಾರ. ಸುಮಾರು 17 ವಾರ ಕೈಯಲ್ಲಿದೆ. ಧಾರಾಳ ಸಾಕು. ಭಾನುವಾರದ ಉದ್ದ ಓಟ ಒಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಈಗ 14 ಕಿ.ಮೀ., ಮುಂದಿನ ವಾರ 16, ಹೀಗೆ ಎರಡೆರಡು ಕಿ.ಮೀ. ಏರಿಸಿ. ನಾಲ್ಕನೇ ವಾರಕ್ಕೊಮ್ಮೆ ಇಳಿಸಿ ಕಾಲಿಗೆ ಬಿಡುವು ಕೊಡಿ. ಮಾತಾಡಿಕೊಂಡು ಓಡಲು ಆಗುವಷ್ಟೇ ವೇಗ ಇರಲಿ. ಪಾಠದ ಪದ್ಯ ಒಂದನ್ನು ಜೋರಾಗಿ ಹೇಳಿ ನೋಡಿ. ಸಾಲಿನ ನಡುವೆ ಉಸಿರು ಕಟ್ಟಿದರೆ ನಿಧಾನ ಮಾಡಿ. 30 ಕಿ.ಮೀ.ನ ದೊಡ್ಡ ಓಟ ಕ್ರಿಸ್‌ಮಸ್ ರಜೆಯ ಭಾನುವಾರಕ್ಕೆ ಇರಲಿ. ಆಗ ಪರೀಕ್ಷೆ ಮುಗಿದಿರುತ್ತದೆ, ಪೇಪರನ್ನು ರಾತ್ರಿ ನೋಡಬಹುದು. ಆಮೇಲಿನ ಮೂರು ವಾರ ಇಳಿಸುತ್ತಾ ಬರುವುದು. ಆ ದಿನಗಳಲ್ಲಿ ಹೆದರಿ ಜಾಸ್ತಿ ಓಡಬೇಡಿ.

ವಾರದ ನಡುವೆ ಎರಡು ಸಲ ಸಾಕು. ಶಾಲೆಯ ಗ್ರೌಂಡ್ ಒಂದು ಸುತ್ತಿಗೆ 200 ಮೀಟರ್ ಎಂದು ಬರೆದಿದ್ದೀರಿ. ನಾಲ್ಕು ಗಂಟೆಯ ಬೆಲ್ ಆದಮೇಲೆ 25 ಸುತ್ತು ಹಾಕಿದರೆ 5 ಕಿ.ಮೀ. ಒಂದು ವಾರ ಇವೆರಡೂ ತಪ್ಪಿದರೂ ಭಾನುವಾರ ಉಳಿಯಲಿ.

ಮಳೆಯಲ್ಲಿ ಓಡಿ ಬಂದ ಕೂಡಲೇ ಶೂವಿನ ಒಳಗಿನ ಅಟ್ಟೆ ತೆಗೆದು, ಹಳೆಯ ಪೇಪರನ್ನು ಮುದ್ದೆ ಮಾಡಿ ಮೂತಿಯವರೆಗೆ ತುಂಬಿ. ಒಂದು ಗಂಟೆಗೆ ಪೇಪರು ತೊಯ್ದು ಭಾರವಾಗುತ್ತದೆ. ತೆಗೆದು ಬೇರೆ ತುಂಬಿ. ಬೆಳಿಗ್ಗೆಯೊಳಗೆ ಬಹಳ ಮಟ್ಟಿಗೆ ಒಣಗುತ್ತದೆ. ಒಲೆಯ ಹತ್ತಿರ ಮಾತ್ರ ಇಡಬೇಡಿ, ಅಂಟು ಬಿಡುತ್ತದೆ.

ಕುಡಿಯುವ ವಿಷಯ. ನಮ್ಮ ಕರಾವಳಿಯ ಹವೆಯಲ್ಲಿ ಬೆವರು ಆರುವುದಿಲ್ಲ, ಸುಮ್ನೆ ಸುರಿಯುತ್ತದೆ. ಮೈ ತಣಿಯುವುದೂ ಇಲ್ಲ, ಉಪ್ಪೂ ಹೋಗುತ್ತದೆ. ಉಪ್ಪು ಹಾಕಿದ ಗಂಜಿ ತಿಳಿ ಒಳ್ಳೆಯದು. ಒಂದೂವರೆ ಗಂಟೆ ದಾಟುವ ಓಟಕ್ಕೆ ಬಾಳೆಹಣ್ಣು, ಖರ್ಜೂರ ಜೊತೆಗಿರಲಿ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಂಶ 42 ಕಿ.ಮೀ.ವರೆಗೆ ಬರುವುದಿಲ್ಲ. ಓಡುತ್ತಾ ತಿನ್ನುವುದನ್ನು ಹೊಟ್ಟೆಗೆ ಈಗಿನಿಂದಲೇ ರೂಢಿ ಮಾಡಿಸಬೇಕು.

ಈಗ ಹಾಲಿನ ವಿಷಯಕ್ಕೆ ಬರುತ್ತೇನೆ. ಇವತ್ತು ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಗೋಡೆಯ ಕ್ಯಾಲೆಂಡರ್ ತೆಗೆದು ನಡುವೆ ಇಡಿ. ಜನವರಿವರೆಗಿನ ಭಾನುವಾರಗಳಿಗೆ ಗುರುತು ಹಾಕಿ. ಆ ದಿನ ಹಾಲು ಕರೆಯುವುದು ಯಾರು, ಮಗಳಿಗೆ ತಿಂಡಿ ಕೊಡುವುದು ಯಾರು, ಅತ್ತೆಯವರ ಮಾತ್ರೆ ನೋಡುವುದು ಯಾರು ಎಂದು ಬಾಯಿಬಿಟ್ಟು ಕೇಳಿ. ಊರಿನ ಮದುವೆ, ಜಾತ್ರೆ ಬರುವ ಭಾನುವಾರ ಇದ್ದರೆ ಶನಿವಾರಕ್ಕೆ ಬದಲಿಸಿ, ಅದನ್ನೂ ಅಲ್ಲೇ ಬರೆಯಿರಿ. ನಿಮ್ಮ ಯಜಮಾನರು ಭಾನುವಾರ ಮನೆಯಲ್ಲೇ ಇರುತ್ತಾರೆ, ಅಲ್ವಾ? ನಾನು ಎರಡನೇ ಸಲ ಮನೆಯಲ್ಲಿ ಹೇಳಿಯೇ ಶುರು ಮಾಡಿದೆ. ಏಳಲು ಮನಸ್ಸಿಲ್ಲದ ದಿನ ನನ್ನ ಹೆಂಡತಿಯೇ ಲೈಟ್ ಹಾಕಿ ಎಬ್ಬಿಸಿದಳು. ಆ ಓಟ ಮುಗಿಸಿದೆ.

ಬೆಳಗಿನ ಕತ್ತಲೆ, ಬೀದಿ ನಾಯಿಗಳ ಭಯ ಎಂದೂ ಬರೆದಿದ್ದೀರಿ. ಅದು ಸುಳ್ಳು ಭಯ ಅಲ್ಲ. ಒಬ್ಬರೇ ಹೋಗಬೇಡಿ. ಮಗನಿಗೆ ಸೈಕಲ್ ಇದೆಯಲ್ಲ. ಬುಟ್ಟಿಯಲ್ಲಿ ನೀರು, ಬಾಳೆಹಣ್ಣು, ಕೈಯಲ್ಲಿ ಒಂದು ಟಾರ್ಚ್ ಇಟ್ಟುಕೊಂಡು ನಿಮ್ಮ ಜೊತೆಗೆ ಬರಲಿ. ಕೇಳಿ ನೋಡಿ, ಬೇಡ ಅನ್ನಲಾರ ಅಂತ ನನಗೆ ಅನಿಸುತ್ತದೆ. ಶನಿವಾರ ಸಂಜೆಯೇ ಟೈರಿಗೆ ಗಾಳಿ ಹಾಕಿಸಿಡಿ. ಈ ಭಾನುವಾರಕ್ಕೆ 14 ಕಿ.ಮೀ. ಸಾಕು.

— ಸಂಪಾದಕ