ಬೌಡನ್ ಬರಹ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ.

ಮಾಂಟಿ ಬೌಡನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಸರ್ರೆ ಕೌಂಟಿಯ ವಿಕೆಟ್ ಕೀಪರ್, 23ಕ್ಕೆ ಇಂಗ್ಲೆಂಡ್ ನಾಯಕ, 26ಕ್ಕೆ ಸಾವು. ಇಂಥ ವಿಷಯ ಹುಡುಕಿದ್ದಕ್ಕೆ ಶಹಬ್ಬಾಸ್. ಆದರೆ ಬರಹವನ್ನು ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲು ತಲೆಬರಹ. ‘ಅರಳುವ ಮುನ್ನವೇ ಬಾಡಿದ ಹೂವು.’ ಈ ಹೂವು ತಿಂಗಳಿಗೊಮ್ಮೆಯಾದರೂ ನನ್ನ ಮೇಜಿಗೆ ಬರುತ್ತದೆ, ಸತ್ತವರ ಹೆಸರು ಮಾತ್ರ ಬೇರೆ. ‘ಕ್ರಿಕೆಟ್ ಸಭ್ಯರ ಆಟ’ ಅಂತ ಶುರುವಾಗುವ ಮೊದಲ ಪುಟವನ್ನೂ ಪೂರ್ತಿ ತೆಗೆಯಿರಿ.

ನಿಜವಾದ ತೊಂದರೆ ಇರುವುದು ನಾಲ್ಕನೇ ಪುಟದಲ್ಲಿ. 1889ರ ಮಾರ್ಚ್ 25, ಕೇಪ್‌ಟೌನ್. ನಾಯಕ ಆಬ್ರಿ ಸ್ಮಿತ್ ಜ್ವರ ಬಂದು ಮಲಗಿದ್ದಾನೆ, ತಂಡ ಬೌಡನ್ ಕೈಗೆ ಬಂದಿದೆ. ‘ದೇಶದ ಟೆಸ್ಟ್ ನಾಯಕನೆಂಬ ಹೆಮ್ಮೆಯಿಂದ ಅವನ ಎದೆ ಉಬ್ಬಿತು’ ಎಂದು ಬರೆದಿದ್ದೀರಿ. ಹೇಗೆ ಉಬ್ಬೀತು? ಅದು ಟೆಸ್ಟ್ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಮೇಜರ್ ವಾರ್ಟನ್ ಕಟ್ಟಿಕೊಂಡು ಹೋಗಿದ್ದ ಪ್ರವಾಸಿ ತಂಡ ಅದು. ಜೀವಮಾನದಲ್ಲಿ ಅದೊಂದೇ ಪ್ರಥಮ ದರ್ಜೆ ಪಂದ್ಯ ಆಡಿದವನೂ ಆ ಹನ್ನೊಂದರಲ್ಲಿದ್ದ. ಪಂದ್ಯಕ್ಕೆ ಟೆಸ್ಟ್ ಎಂಬ ಮುದ್ರೆ ಬಿದ್ದದ್ದು ಆಮೇಲೆ. ಇಂಗ್ಲೆಂಡಿನ ಅತಿ ಕಿರಿಯ ಟೆಸ್ಟ್ ನಾಯಕ ಎಂಬ ದಾಖಲೆ ಇವತ್ತಿಗೂ ಬೌಡನ್‌ನದೇ. ಪಾಪ, ಅದು ತಿಳಿಯದೆಯೇ ಹೋದ. ನಿಮ್ಮ ಕಥೆ ಇರುವುದು ಇಲ್ಲೇ ಅಲ್ವಾ?

ಪಂದ್ಯವನ್ನೂ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ದಕ್ಷಿಣ ಆಫ್ರಿಕಾ 47 ಮತ್ತು 43ಕ್ಕೆ ಆಲೌಟ್. ಜಾನಿ ಬ್ರಿಗ್ಸ್ 28 ರನ್ ಕೊಟ್ಟು 15 ವಿಕೆಟ್ ತೆಗೆದ. ಅದರಲ್ಲಿ 14 ಬೌಲ್ಡ್, ಒಂದು ಎಲ್‌ಬಿಡಬ್ಲ್ಯು. ಅಷ್ಟೂ ವಿಕೆಟ್‌ಗೆ ಒಬ್ಬ ಫೀಲ್ಡರ್ ಕೈಯೂ ಬೇಕಾಗಲಿಲ್ಲ! ನಾಯಕ ಯಾರನ್ನು ಎಲ್ಲಿ ನಿಲ್ಲಿಸಿದ್ದರೂ ಒಂದೇ ಆಗಿತ್ತು. ಬೌಡನ್ 25 ಹೊಡೆದ. ಎರಡು ಟೆಸ್ಟ್‌ಗಳಲ್ಲಿ ಅವನ ಒಟ್ಟು ಗಳಿಕೆಯೂ ಅಷ್ಟೇ.

ಸ್ಮಿತ್ ಮುಂದೆ ಹಾಲಿವುಡ್ ನಟನಾದದ್ದು ರುಚಿಯಾದ ಸಂಗತಿಯೇ, ಆದರೆ ಅದಕ್ಕೆ ಎರಡು ಪುಟ ಜಾಸ್ತಿ ಆಯ್ತು. ಮೂರು ಸಾಲು ಸಾಕು. ಬೌಡನ್ ಬ್ರಿಟಿಷ್ ವಸಾಹತುಗಾರ ಸೆಸಿಲ್ ರೋಡ್ಸ್‌ನ ಪಡೆ ಸೇರಿ ಉತ್ತರಕ್ಕೆ ಹೋದದ್ದನ್ನು ‘ಸಾಹಸಯಾತ್ರೆ’ ಎಂದಿದ್ದೀರಿ. ಹೊರಟದ್ದು ಶೋನಾ ಜನರ ನೆಲ ಹಿಡಿಯಲು. ಆ ಪದ ಬೇಡ.

ಕೊನೆಯಲ್ಲಿ ‘ವಿಧಿಯ ಕ್ರೂರ ಆಟ’ ಬಂದಿದೆ. 1892ರ ಫೆಬ್ರುವರಿ, ಈಗಿನ ಜಿಂಬಾಬ್ವೆಯ ಉಮ್ಟಾಲಿ, ಮಣ್ಣಿನ ಗುಡಿಸಲಿನಂಥ ಆಸ್ಪತ್ರೆ. ಬೌಡನ್ ಸತ್ತದ್ದು ಅಲ್ಲಿ. ಸಿಂಹಗಳು ಎಳೆದುಕೊಂಡು ಹೋಗದಂತೆ ಹೆಣ ಕಾದರಂತೆ. ವಿಸ್ಕಿ ಪೆಟ್ಟಿಗೆಗಳ ಹಲಗೆ ಜೋಡಿಸಿ ಶವಪೆಟ್ಟಿಗೆ ಮಾಡಿದರಂತೆ. ಇಷ್ಟೆಲ್ಲ ಕೈಯಲ್ಲಿರುವಾಗ ವಿಧಿಯನ್ನು ಸುಮ್ನೆ ಯಾಕೆ ಕರೆಯುತ್ತೀರಿ?

ಕೇಪ್‌ಟೌನಿನ ಬೆಳಗಿನಿಂದಲೇ ಶುರುಮಾಡಿ, 800 ಪದದೊಳಗೆ ಮುಗಿಸಿ ಕಳಿಸಿ. ಯುಗಾದಿ ಸಂಚಿಕೆಯಲ್ಲಿ ಎರಡು ಪುಟ ಹಿಡಿದಿಟ್ಟಿರುತ್ತೇನೆ.

– ಸಂಪಾದಕ