ಬಾಯಿಪಾಠದ ಮಳೆ

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಯಲ್ಲಿ ಮಾತಿನ ಪರೀಕ್ಷೆಗೆ ಸಿದ್ಧರಾಗುವವರಲ್ಲಿ ಉತ್ತರಗಳನ್ನು ಬಾಯಿಪಾಠ ಮಾಡುವ ತೊಂದರೆಯನ್ನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಆದ್ದರಿಂದ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಆಕೆ ಮಲೆನಾಡಿನವರು, ಕನ್ನಡ ಮಾಧ್ಯಮದಲ್ಲಿ ಓದಿದವರು, ಬೆಂಗಳೂರಿನಲ್ಲಿ ಸ್ಟಾಫ್ ನರ್ಸ್. ಈ ಪರೀಕ್ಷೆಯ ಮೂಲಕ ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಮಾತಿನಲ್ಲಿ 9ಕ್ಕೆ 7 ಬೇಕು. ಆಕೆಗೆ 6 ಬಂದಿತ್ತು. ಮೊದಲ ಭಾಗದಲ್ಲೇ ಪರೀಕ್ಷಕರು ಮಾತನ್ನು ಅರ್ಧಕ್ಕೆ ತಡೆದರಂತೆ. ಆಮೇಲೆ ಕೈಕಾಲು ತಣ್ಣಗಾಗಿ ಉಳಿದದ್ದೂ ಕೆಟ್ಟಿತಂತೆ.

ತಡೆದದ್ದು ಸಿಟ್ಟಿನಿಂದಲ್ಲ ಎಂದು ಮೊದಲು ಹೇಳಿದೆ. ಇಡೀ ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಊರು, ಕೆಲಸ, ಹವ್ಯಾಸಗಳ ಈ ಆರಂಭಿಕ ಸಂದರ್ಶನಕ್ಕೆ 4ರಿಂದ 5 ನಿಮಿಷ. ಪರೀಕ್ಷಕರು ಕೇಳಬೇಕಾದ ಪ್ರಶ್ನೆಗಳು ಮೊದಲೇ ನಿಗದಿಯಾಗಿರುತ್ತವೆ, ಗಡಿಯಾರ ನೋಡಿಕೊಂಡು ಮುಂದೆ ಹೋಗುವುದು ಪರೀಕ್ಷಕರ ಕೆಲಸ.

ಬಳಿಕ ಇಂಗ್ಲಿಷಿನಲ್ಲಿ ಕೇಳಿದೆ: ನಿಮಗೆ ಮಳೆ ಇಷ್ಟವೇ? ಹಸಿರು ಬೆಟ್ಟ, ಮಣ್ಣಿನ ಘಮ, ಪ್ರಕೃತಿಯ ವರದಾನ ಎಲ್ಲವೂ ಒಂದೇ ಉಸಿರಿನಲ್ಲಿ ಬಂತು. ದನಿ ಕೂಡ ಬೇರೆಯವರದೇ ಆಗಿತ್ತು. ಕೊನೆಯ ಸಲ ಮಳೆಯಲ್ಲಿ ನೆನೆದದ್ದು ಯಾವಾಗ ಎಂದು ನಡುವೆ ಕೇಳಿದರೆ ಮೌನ. ಪಾಠದಲ್ಲಿ ಅದು ಇರಲಿಲ್ಲ.

ಕನ್ನಡದಲ್ಲಿ ಕೇಳಿದೆ. ತಟ್ಟನೆ ಹೇಳಿದರು: “ನನಗೆ ಮಳೆ ಕಂಡರೆ ಸಿಟ್ಟು ಸರ್. ಇರುವುದು ಎರಡು ಜೊತೆ ಯೂನಿಫಾರ್ಮ್. ಹಾಸ್ಟೆಲಿನಲ್ಲಿ ಒಣಗುವುದಿಲ್ಲ. ಇಸ್ತ್ರಿ ಪೆಟ್ಟಿಗೆಯಲ್ಲೇ ತೇವ ಆರಿಸಿಕೊಂಡು ನೈಟ್ ಡ್ಯೂಟಿಗೆ ಓಡುತ್ತೇನೆ.”

ಇದನ್ನೇ ಇಂಗ್ಲಿಷಿನಲ್ಲಿ ಹೇಳಿ ಎಂದೆ. ಆಕೆ ನನ್ನ ಮುಖ ನೋಡಿದರು. “ಇಂಥದ್ದನ್ನೆಲ್ಲ ಅವರ ಮುಂದೆ ಹೇಳಬಹುದೇ?”

ಆಕೆಗಿದ್ದ ಕೊರತೆ ಇಂಗ್ಲಿಷಿನದಲ್ಲ. ತನ್ನ ಬದುಕು ಇಂಗ್ಲಿಷಿಗೆ ತಕ್ಕದ್ದಲ್ಲ ಎಂಬ ನಾಚಿಕೆ ಅದು, ಯಾವ ವ್ಯಾಕರಣ ಪುಸ್ತಕದಿಂದಲೂ ಹೋಗುವಂಥದ್ದಲ್ಲ. ಒತ್ತಾಯಿಸಿದ ಮೇಲೆ ಹೇಳಿದರು. ಒಂದು ಕ್ರಿಯಾಪದ ತಪ್ಪಿತು, ತಾವೇ ತಿದ್ದಿಕೊಂಡು ಮುಂದೆ ಹೋದರು. ‘ಏಕೆಂದರೆ’, ‘ಇಲ್ಲದಿದ್ದರೆ’ ಎಂಬ ಕೊಂಡಿಗಳು ಹುಡುಕದೆಯೇ ಬಂದವು.

ನನ್ನ ಸಲಹೆ ಇಷ್ಟು. ಉತ್ತರ ಬರೆದು ಕಲಿಯಬೇಡಿ. ನೇರ ಉತ್ತರ, ಒಂದು ಕಾರಣ, ನಿಮ್ಮದೇ ಒಂದು ಸಣ್ಣ ವಿವರ. ಎರಡು ಮೂರು ವಾಕ್ಯ ಸಾಕು. ಒಂದೇ ವಿಷಯವನ್ನು ಇಂದು, ಬಾಲ್ಯದಲ್ಲಿ, ಮುಂದೆ ಎಂದು ತಿರುಗಿಸಿ ಹೇಳಿ ಮೊಬೈಲಿನಲ್ಲಿ ಮುದ್ರಿಸಿಕೊಂಡು ಕೇಳಿ, ಕಾಲರೂಪಗಳು ಎಲ್ಲಿ ಜಾರುತ್ತವೆಂದು ತಿಳಿಯುತ್ತದೆ. ಪ್ರಶ್ನೆ ಕೇಳಿಸದಿದ್ದರೆ ಇನ್ನೊಮ್ಮೆ ಹೇಳಲು ಕೇಳಿ. ವಿದೇಶಿ ಉಚ್ಚಾರಣೆಯನ್ನು ಅನುಕರಿಸಬೇಡಿ, ಮಾತು ಸುಲಭವಾಗಿ ಅರ್ಥವಾಗಬೇಕು.

ತರಬೇತಿ ಕೊಡುವ ಗೆಳೆಯರು ಇದನ್ನು ಒಪ್ಪುವುದಿಲ್ಲ. ಅದು ನ್ಯಾಯಾಲಯವಲ್ಲ, ಸುಳ್ಳು ಹೇಳಿದರೂ ಅಂಕ ಬರುತ್ತದೆ ಎನ್ನುತ್ತಾರೆ. ಬರುತ್ತದೆ, ನಿಜ. ನಿರರ್ಗಳತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ ಈ ನಾಲ್ಕಕ್ಕೆ ಸಮಾನ ತೂಕ, ಸತ್ಯಕ್ಕೆ ಅಂಕವಿಲ್ಲ. ಆದರೆ ಹೆದರಿದವರು ಕಥೆ ಕಟ್ಟುತ್ತಲೇ ವಾಕ್ಯವನ್ನೂ ಕಟ್ಟಬೇಕಾದಾಗ ಎರಡೂ ಕುಸಿಯುತ್ತವೆ. 7ಕ್ಕೆ ಅಪರೂಪದ ಪದಗಳು ಬೇಕೆಂಬುದೂ ಸರಿಯೇ. ಅವು ದಿನವೂ ವಾರ್ಡಿನಲ್ಲಿ ಬಳಸಿದ ಪದಗಳಾದರೆ ನಾಲಿಗೆಗೆ ಒಗ್ಗಿರುತ್ತವೆ. ಪ್ರಕೃತಿಯ ವರದಾನವನ್ನು ಪರೀಕ್ಷಕರು ಬೇಕಾದಷ್ಟು ಕೇಳಿರುತ್ತಾರೆ.

ಆಕೆ ಮತ್ತೆ ಪರೀಕ್ಷೆ ಬರೆದರು. ಎಷ್ಟು ಬಂತೆಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಾಳೆ ಬರುವವರು ಯೂನಿಫಾರ್ಮಿನ ಉತ್ತರವನ್ನೇ ಉರುಹೊಡೆದುಕೊಂಡು ಬರುತ್ತಾರೆ.