ಗೊತ್ತಾಗಿದ್ದೇ ಬೀಗದಕೈ: ಸಣ್ಣ ತಂಡಗಳ ಒಗಟಿನ ಆಟಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ವಿಡಿಯೋ ಗೇಮ್‌ಗಳ ಬಗ್ಗೆ ಬಂದ ಪತ್ರಗಳಲ್ಲಿ ಈ ಸಲ ಒಂದೇ ಜಾತಿಯವನ್ನು ಆರಿಸಿಕೊಂಡಿದ್ದೇನೆ. ದೊಡ್ಡ ಕಂಪನಿಗಳ ಆಟ ಅಲ್ಲ. ಒಬ್ಬರೇ ಕೂತು ಮಾಡಿದ, ಇಲ್ಲವೇ ಚಿಕ್ಕ ತಂಡ ಸೇರಿ ಮಾಡಿದ, ಒಗಟು ಬಿಡಿಸುವ ಮತ್ತು ಸುತ್ತಾಡಿ ನೋಡುವ ಆಟಗಳು. ಉತ್ತರಗಳಲ್ಲಿ ಇರುವುದು ಒಬ್ಬ ಆಟಗಾರನ ಅಭಿಪ್ರಾಯ. ಒಪ್ಪದಿದ್ದರೆ ಬರೆಯಿರಿ.

ನೀವು ‘ಔಟರ್ ವೈಲ್ಡ್ಸ್’ ಬಗ್ಗೆ ಪದೇ ಪದೇ ಹೊಗಳಿ ಬರೆಯುತ್ತೀರಿ. ಸ್ವಲ್ಪ ಹೊತ್ತು ಆಡಿ ನೋಡಿದೆ. ಗನ್ ಇಲ್ಲ, ಲೆವೆಲ್ ಏರುವುದಿಲ್ಲ, ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳುವುದಿಲ್ಲ. ಮಜಾ ಎಲ್ಲಿದೆ?
*– ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ*

ಹಡಗಿನಲ್ಲಿ ಕೂತು ಒಂದು ಪುಟ್ಟ ಸೌರಮಂಡಲ ಸುತ್ತಾಡಿ ನೋಡುವ ಆಟ ಅದು. ನೀವು ಹೇಳಿದ್ದೆಲ್ಲ ನಿಜ. ನನಗೆ ಆ ಆಟ ಇಷ್ಟವಾಗಿದ್ದೂ ಅದಕ್ಕೇ.

ಬೇರೆ ಆಟಗಳಲ್ಲಿ ಹತ್ತು ಗಂಟೆ ಆಡಿದ ಮೇಲೆ ಒಳ್ಳೆಯ ಕತ್ತಿ ಸಿಕ್ಕಿರುತ್ತದೆ, ಬಲ ಜಾಸ್ತಿಯಾಗಿರುತ್ತದೆ, ದುಡ್ಡು ಸೇರಿರುತ್ತದೆ. ಇಲ್ಲಿ ಏನೂ ಸೇರುವುದಿಲ್ಲ. 22 ನಿಮಿಷ ಆಗುತ್ತಿದ್ದಂತೆ ಸೂರ್ಯ ಸಿಡಿದು ಎಲ್ಲ ಮುಗಿಯುತ್ತದೆ, ನೀವು ಮತ್ತೆ ಅದೇ ಬೆಂಕಿಯ ಪಕ್ಕ ಕಣ್ಣು ಬಿಡುತ್ತೀರಿ. ಹಡಗು, ಅಂತರಿಕ್ಷದ ಸೂಟು, ಕೊನೆಯವರೆಗೆ ಹೋಗಲು ಬೇಕಾದ ಸಾಮಾನೆಲ್ಲ ಶುರುವಿನಲ್ಲೇ ಕೈಗೆ ಬಂದಿರುತ್ತದೆ. ಇಲ್ಲದಿರುವುದು ತಿಳಿವಳಿಕೆ ಒಂದೇ. ಪ್ರತಿ ಸುತ್ತಿನಲ್ಲೂ ಅದು ಇಷ್ಟಿಷ್ಟೇ ಬೆಳೆಯುತ್ತದೆ. ಬಾಗಿಲು ತೆರೆಯುವುದು ಅದರಿಂದ ಮಾತ್ರ.

ಒಂದು ಉದಾಹರಣೆ ಕೊಡುತ್ತೇನೆ, ಇದರಿಂದ ಆಟವೇನೂ ಕೆಡುವುದಿಲ್ಲ. ಅಲ್ಲಿ ಒಂದು ಜೋಡಿ ಗ್ರಹ ಇದೆ. ಒಂದರ ಮರಳು ಇನ್ನೊಂದಕ್ಕೆ ಕಂಬದ ಹಾಗೆ ಸುರಿಯುತ್ತಲೇ ಇರುತ್ತದೆ. ಒಂದು ಕಡೆ ಗುಹೆಗಳು ತುಂಬಿ ಮುಚ್ಚಿಹೋಗುತ್ತವೆ, ಇನ್ನೊಂದು ಕಡೆ ಮರಳಡಿ ಹೂತಿದ್ದ ಕಟ್ಟಡಗಳು ಮೇಲೆ ಕಾಣುತ್ತವೆ. ಅಂದರೆ ಎಲ್ಲಿಗೆ ಹೋದಿರಿ ಅನ್ನುವಷ್ಟೇ ಯಾವ ನಿಮಿಷಕ್ಕೆ ಹೋದಿರಿ ಅನ್ನುವುದೂ ಮುಖ್ಯ. ಇದನ್ನು ಆಟ ನಿಮಗೆ ಹೇಳಿಕೊಡುವುದಿಲ್ಲ. ನೀವೇ ನೋಡುತ್ತೀರಿ, ನೋಡಿದ ಮೇಲೆ ಮೊದಲು ಬೇಗ ಹೋಗಿ ಬರಿಗೈಲಿ ವಾಪಸ್ ಬಂದಿದ್ದ ಇನ್ನೊಂದು ಜಾಗ ತಟ್ಟನೆ ನೆನಪಾಗುತ್ತದೆ, ‘ಓ, ಅಲ್ಲಿಗೆ ತಡವಾಗಿ ಹೋಗಬೇಕಿತ್ತು’ ಅಂತ ಎದ್ದು ಕೂರುತ್ತೀರಿ. ಮಜಾ ಇರುವುದು ಅಲ್ಲಿ.

ಅಲೆಕ್ಸ್ ಬೀಚಮ್ ಇದನ್ನು ಶುರು ಮಾಡಿದ್ದು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ತನ್ನ ಸ್ನಾತಕೋತ್ತರ ಪ್ರಾಜೆಕ್ಟ್ ಆಗಿ. ಅದು ಪೂರ್ತಿ ಆಟವಾಗಿ ಬಂದದ್ದು 2019ರಲ್ಲಿ. 2020ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಅತ್ಯುತ್ತಮ ಆಟದ ಪ್ರಶಸ್ತಿಯೂ ಬಂತು. ಇಷ್ಟು ವರ್ಷ ಕೂತು ಮಾಡಿದ್ದು ಆಡುವಾಗ ಗೊತ್ತಾಗುತ್ತದೆ, ಒಂದು ಕಲ್ಲೂ ಸುಮ್ನೆ ಇಟ್ಟಿದ್ದಲ್ಲ.

ನಿಮಗೆ ಒಂದೇ ಸಲಹೆ. ದೂರದ ದನಿ ಕೇಳಿಸುವ ಸಿಗ್ನಲ್‌ಸ್ಕೋಪ್ ಅನ್ನುವ ಸಾಧನ ಆಟದಲ್ಲಿದೆ, ಅದನ್ನು ಹಿಡಿದು ಆಕಾಶದ ಕಡೆ ತಿರುಗಿಸಿ. ಎಲ್ಲೋ ಒಂದು ಕಡೆ ಬ್ಯಾಂಜೋ, ಇನ್ನೊಂದು ಕಡೆ ಕೊಳಲು ಕೇಳುತ್ತದೆ. ಯಾವ ದನಿ ಹಿತವಾಯಿತೋ ಅದರ ಹಿಂದೆ ಹೋಗಿ. ಅಲ್ಲಿಂದ ಮುಂದಕ್ಕೆ ನಿಮ್ಮ ಕುತೂಹಲವೇ ದಾರಿ ತೋರಿಸುತ್ತದೆ.

ಒಗಟಿನಲ್ಲಿ ಸಿಕ್ಕಿಹಾಕಿಕೊಂಡರೆ ಯೂಟ್ಯೂಬ್‌ನಲ್ಲಿ ಉತ್ತರ ನೋಡಿ ಮುಂದೆ ಹೋಗುತ್ತೇನೆ. ಕೆಲಸ ಮುಗಿಸಿ ಬಂದ ಮೇಲೆ ಸಿಗುವುದೇ ಸ್ವಲ್ಪ ಹೊತ್ತು. ತಪ್ಪೇನು?
*– ಬ್ಯಾಂಕ್ ಉದ್ಯೋಗಿ, ಮೈಸೂರು*

ತಪ್ಪು ಅಂತ ನಾನು ಹೇಳುವುದಿಲ್ಲ. ದುಡ್ಡು ನಿಮ್ಮದು, ಸಮಯ ನಿಮ್ಮದು. ಆದರೆ ನಷ್ಟವೂ ನಿಮ್ಮದೇ ಅಂತ ಮಾತ್ರ ಹೇಳಬೇಕು.

ಹೊಡೆದಾಟದ ಆಟದಲ್ಲಿ ವಿಡಿಯೋ ನೋಡಿದರೂ ಆಮೇಲೆ ಹೊಡೆದಾಡುವುದು ನಿಮ್ಮ ಕೈಯೇ. ಒಗಟಿನ ಆಟದಲ್ಲಿ ಹಾಗಲ್ಲ. ಉತ್ತರ ಗೊತ್ತಾದ ಮೇಲೆ ಮಾಡಲು ಏನೂ ಉಳಿಯುವುದಿಲ್ಲ. ಗೊತ್ತಾಗಿದ್ದನ್ನು ಮರೆಯಲೂ ಆಗುವುದಿಲ್ಲ.

‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ತೆಗೆದುಕೊಳ್ಳಿ. ಲೂಕಸ್ ಪೋಪ್ ಎಂಬ ಒಬ್ಬರೇ ಮಾಡಿದ ಆಟ, 2018ರದ್ದು. ಈಸ್ಟ್ ಇಂಡಿಯಾ ಕಂಪನಿಯ ಒಂದು ಹಡಗು ಕಾಣೆಯಾಗಿ, 1807ರಲ್ಲಿ ಜೀವಂತ ಮನುಷ್ಯರೇ ಇಲ್ಲದೆ ವಾಪಸ್ ಬರುತ್ತದೆ. ನೀವು ವಿಮೆಯ ಕಡೆಯಿಂದ ಲೆಕ್ಕ ಬರೆಯಲು ಹಡಗು ಹತ್ತುತ್ತೀರಿ. 60 ಜನರಲ್ಲಿ ಯಾರ ಹೆಸರೇನು, ಏನಾದರು, ಯಾರಿಂದ ಸತ್ತರು, ಇಷ್ಟನ್ನು ಪುಸ್ತಕದಲ್ಲಿ ತುಂಬಿಸಬೇಕು. ನಿಮ್ಮ ಕೈಯಲ್ಲಿರುವ ಗಡಿಯಾರ ಹೆಣದ ಹತ್ತಿರ ಹಿಡಿದರೆ ಸಾವಿನ ಆ ಕ್ಷಣದ ಮಾತು ಕೇಳುತ್ತದೆ, ಮತ್ತೆ ಎಲ್ಲರೂ ನಿಂತಲ್ಲೇ ನಿಂತ ಒಂದು ದೃಶ್ಯ ಕಾಣುತ್ತದೆ. ನೀವು ಅದರೊಳಗೆ ಓಡಾಡಿ ನೋಡಬೇಕು. ಮಾತಿನ ಧಾಟಿ, ಬಟ್ಟೆ, ಯಾರ ಪಕ್ಕ ಯಾರು ಕೂತಿದ್ದಾರೆ, ತೂಗುಹಾಸಿಗೆಯ ಮೇಲಿನ ನಂಬರು, ಇವೇ ಸುಳಿವುಗಳು. ಆ 60 ಜನರಲ್ಲಿ ಭಾರತದ ನಾವಿಕರೂ ಇದ್ದಾರೆ. ಮೂಲೆಯಲ್ಲಿ ಕೂತ ಅವರ ಮುಖಗಳನ್ನು ಒಬ್ಬೊಬ್ಬರಾಗಿ ಗುರುತು ಹಿಡಿಯುವಾಗ, ಕಂಪನಿಯ ಹಡಗುಗಳಲ್ಲಿ ದುಡಿದ ನಮ್ಮ ಕಡೆಯವರ ನೆನಪಾಗಿ ನನಗೆ ಮನಸ್ಸು ಭಾರವಾಯಿತು.

ಈ ಆಟದ ದೊಡ್ಡ ಜಾಣ್ಮೆ ಒಂದಿದೆ. ನೀವು ಬರೆದದ್ದು ಸರಿಯೋ ತಪ್ಪೋ ಅಂತ ಅದು ತಕ್ಷಣ ಹೇಳುವುದಿಲ್ಲ. ಮೂರು ಜನರದ್ದು ಸರಿಯಾದ ಮೇಲೆ ಮಾತ್ರ ಆ ಮೂರನ್ನು ಒಟ್ಟಿಗೆ ಖಾಯಂ ಮಾಡುತ್ತದೆ. ಹಾಗಾಗಿ ಸುಮ್ನೆ ಊಹೆ ಮಾಡಿ ಗೆಲ್ಲುವುದು ಕಷ್ಟ. ಆದರೆ ಸ್ವಲ್ಪ ಊಹೆಗೆ ಜಾಗವೂ ಇದೆ. ಇಂಥ ಆಟದ ಉತ್ತರಪಟ್ಟಿ ನೋಡಿಕೊಂಡು ತುಂಬಿಸಿದರೆ ನಿಮ್ಮ ಕೈಯಲ್ಲಿ ಉಳಿಯುವುದು 60 ಹೆಸರು, ಅಷ್ಟೇ.

ಮನೆಯಲ್ಲಿ ಅಜ್ಜಿ ಒಗಟು ಹೇಳುವಾಗ ನಾವು ‘ಗೊತ್ತಿಲ್ಲ’ ಅಂದ ಕೂಡಲೇ ಉತ್ತರ ಹೇಳುತ್ತಿರಲಿಲ್ಲ ಅಲ್ವಾ? ‘ಅಡುಗೆಮನೆಯಲ್ಲೇ ಇದೆ ನೋಡು’ ಅನ್ನುತ್ತಿದ್ದಳು. ಅಂಥ ಸುಳಿವು ಕೊಡುವ ಒಬ್ಬ ಗೆಳೆಯನೋ ಗೆಳತಿಯೋ ಇದ್ದರೆ ಅವರನ್ನು ಕೇಳಿ. ‘ಎಲ್ಲಿ ನೋಡಲಿ?’ ಅಂತ ಕೇಳಿ, ‘ಉತ್ತರ ಏನು?’ ಅಂತ ಬೇಡ. ಯಾರೂ ಇಲ್ಲದಿದ್ದರೆ ಆಟ ಮುಚ್ಚಿ ಮಲಗಿ. ಮರುದಿನ ಬಸ್ಸಿನಲ್ಲಿ ಕೂತಾಗಲೋ ಸ್ನಾನ ಮಾಡುವಾಗಲೋ ಉತ್ತರ ತಾನಾಗಿ ಬರುತ್ತದೆ. ನಿಮ್ಮ ಹಾಗೆ ಸಮಯ ಕಡಿಮೆ ಇರುವವರಿಗೇ ಇದು ಹೆಚ್ಚು ಅನುಕೂಲ, ಯಾಕೆಂದರೆ ಆಡದೇ ಇದ್ದಾಗಲೂ ಆಟ ನಡೆಯುತ್ತಿರುತ್ತದೆ.

ಇನ್ನು ಸುಳಿವೇ ಇಡದೆ ಒಗಟು ಕಟ್ಟುವವರೂ ಇದ್ದಾರೆ. ಅಂಥ ಕಡೆ ವಿಡಿಯೋ ನೋಡಿ, ಯಾವ ಸಂಕೋಚವೂ ಬೇಡ. ಅದು ಕಟ್ಟಿದವರ ಸೋಮಾರಿತನ.

‘ದಿ ವಿಟ್ನೆಸ್’ ಆಟದಲ್ಲಿ ಬರೀ ಗೆರೆ ಎಳೆಯುವುದು. ಇದನ್ನು ಯಾಕೆ ಅಷ್ಟು ದೊಡ್ಡದು ಅನ್ನುತ್ತಾರೆ?
*– ಸಾಫ್ಟ್‌ವೇರ್ ಕೆಲಸದಲ್ಲಿರುವವರು, ಬೆಂಗಳೂರು*

ಜೊನಾಥನ್ ಬ್ಲೋ ತಂಡದ 2016ರ ಆಟ. ಒಂದು ದ್ವೀಪ, 500ಕ್ಕೂ ಹೆಚ್ಚು ಫಲಕಗಳು, ಪ್ರತಿಯೊಂದರಲ್ಲೂ ಒಂದು ಗೆರೆ ಎಳೆಯಬೇಕು. ಒಂದು ಅಕ್ಷರದ ವಿವರಣೆಯೂ ಇಲ್ಲ. ಮೊದಲ ಫಲಕ ತೀರಾ ಸುಲಭ, ಎರಡನೆಯದು ಅದಕ್ಕಿಂತ ಒಂದಿಷ್ಟು ಕಷ್ಟ, ಮೂರನೆಯದರಲ್ಲಿ ನೀವು ಅಂದುಕೊಂಡ ನಿಯಮ ಸುಳ್ಳಾಗುತ್ತದೆ, ಆಗ ನೀವು ಹೊಸ ನಿಯಮ ಊಹಿಸಬೇಕು. ಹೀಗೆ ಮಾತಿಲ್ಲದೆ ಪಾಠ ಮಾಡುವುದರಲ್ಲಿ ಇದನ್ನು ಮೀರಿಸಿದ ಆಟ ನಾನು ಕಂಡಿಲ್ಲ. ಜವುಗು ಪ್ರದೇಶದ ಫಲಕಗಳನ್ನು ಮುಗಿಸಿ ನೋಡಿ, ಒಳ್ಳೆಯ ಮೇಷ್ಟ್ರು ಅಂದರೆ ಏನು ಅಂತ ಗೊತ್ತಾಗುತ್ತದೆ.

ದೂರುಗಳೂ ಇವೆ. ಅಲ್ಲಲ್ಲಿ ಸಿಗುವ ಧ್ವನಿ ಮುದ್ರಣಗಳಲ್ಲಿ ದೊಡ್ಡವರ ದೊಡ್ಡ ಮಾತುಗಳನ್ನು ಓದಿ ಹೇಳುತ್ತಾರೆ. ಅದು ಬೇಕಿರಲಿಲ್ಲ. ದ್ವೀಪವೇ ಸಾಕಷ್ಟು ಹೇಳುತ್ತಿತ್ತು. ಅದಕ್ಕಿಂತ ಬೇಸರದ ವಿಷಯ, ಒಂದು ಕಡೆ ಹಕ್ಕಿಗಳ ದನಿಯ ಏರಿಳಿತ ಕೇಳಿಯೇ ಬಿಡಿಸಬೇಕು, ಇನ್ನೊಂದು ಕಡೆ ಬಣ್ಣಗಳ ವ್ಯತ್ಯಾಸ ಕಾಣಲೇಬೇಕು. ಕಿವಿ ಕೇಳದವರಿಗೆ, ಬಣ್ಣ ಸರಿಯಾಗಿ ಕಾಣದವರಿಗೆ ಅಲ್ಲಿ ಬಾಗಿಲು ಮುಚ್ಚಿದ ಹಾಗೆ. ಇಷ್ಟು ಯೋಚಿಸಿ ಕಟ್ಟಿದವರು ಇದನ್ನೂ ಯೋಚಿಸಬೇಕಿತ್ತು.

ನಿಮಗೆ ಗೆರೆ ಬೇಸರವಾಗಿದ್ದರೆ ಬಿಟ್ಟು ಹೊರಗೆ ಓಡಾಡಿ. ದ್ವೀಪವನ್ನು ಸ್ವಲ್ಪ ಎತ್ತರದಿಂದ ನೋಡಿ. ಇದಕ್ಕಿಂತ ಹೆಚ್ಚು ಹೇಳಿದರೆ ಆ ಆಟಕ್ಕೆ ದ್ರೋಹ.

ನನ್ನ ಮಗನಿಗೆ ಹತ್ತು ವರ್ಷ. ಮೊಬೈಲ್‌ನಲ್ಲಿ ಬರೀ ಶೂಟಿಂಗ್. ಇಂಥ ಆಟ ಅವನಿಗೆ ಹಿಡಿಸೀತೇ?
*– ಗೃಹಿಣಿ, ಶಿವಮೊಗ್ಗ*

ಹಿಡಿಸುತ್ತದೆ, ಆದರೆ ‘ಇದು ಒಳ್ಳೆಯದು, ಇದನ್ನು ಆಡು’ ಅಂತ ಕೊಡಬೇಡಿ. ನೀವೇ ಆಡುತ್ತಾ ಕೂರಿ. ತಾನಾಗಿ ಪಕ್ಕಕ್ಕೆ ಬರುತ್ತಾನೆ.

ಮೊಬೈಲ್‌ನಲ್ಲಾದರೆ ‘ಮಾನ್ಯುಮೆಂಟ್ ವ್ಯಾಲಿ’ ಇದೆ. 2014ರದ್ದು. ಕಟ್ಟಡಗಳನ್ನು ತಿರುಗಿಸಿದಾಗ ಇಲ್ಲದ ದಾರಿ ಕಣ್ಣಿಗೆ ಕೂಡಿಕೊಳ್ಳುತ್ತದೆ. ಒಗಟುಗಳು ಸುಲಭ, ನೋಡಲು ಬಹಳ ಚೆಂದ. ಒಂದೆರಡು ಸಂಜೆಗೆ ಮುಗಿಯುತ್ತದೆ. ಅವನ ತಲೆಗೆ ಇನ್ನೂ ಕೆಲಸ ಬೇಕು ಅನ್ನಿಸಿದರೆ ಫಿನ್‌ಲ್ಯಾಂಡಿನ ಅರ್ವಿ ಟೈಕಾರಿ ಮಾಡಿದ ‘ಬಾಬಾ ಈಸ್ ಯೂ’ ಕೊಡಿ. ಅದರಲ್ಲಿ ಆಟದ ನಿಯಮಗಳೇ ತಳ್ಳಬಹುದಾದ ಪದಗಳಾಗಿ ನೆಲದ ಮೇಲೆ ಬಿದ್ದಿರುತ್ತವೆ. ಗೋಡೆ ಅಡ್ಡ ಬಂದರೆ, ‘ಗೋಡೆ ತಡೆಯುತ್ತದೆ’ ಅನ್ನುವ ನಿಯಮದಿಂದ ಒಂದು ಪದ ಪಕ್ಕಕ್ಕೆ ತಳ್ಳಿ, ಗೋಡೆಯೊಳಗೇ ನಡೆದು ಹೋಗಬಹುದು! ಮಕ್ಕಳಿಗೆ ಇದು ದೊಡ್ಡವರಿಗಿಂತ ಬೇಗ ಹೊಳೆಯುತ್ತದೆ, ಯಾಕೆಂದರೆ ನಿಯಮ ಮುರಿಯಲು ಅವರಿಗೆ ಹಿಂಜರಿಕೆ ಇಲ್ಲ. ಮುಂದಿನ ಹಂತಗಳು ತೀರಾ ಕಷ್ಟ. ಅಲ್ಲಿ ಇಬ್ಬರೂ ಒಟ್ಟಿಗೆ ಕೂರಿ.

ಕಂಪ್ಯೂಟರ್ ಇದ್ದರೆ ‘ಎ ಶಾರ್ಟ್ ಹೈಕ್’ ಕೂಡ ನೋಡಿ. ಒಂದು ಹಕ್ಕಿಮರಿ ಫೋನ್ ಸಿಗ್ನಲ್‌ಗಾಗಿ ಬೆಟ್ಟ ಹತ್ತುತ್ತದೆ. ದಾರಿಯಲ್ಲಿ ಮೀನು ಹಿಡಿಯಬಹುದು, ಸಿಕ್ಕವರ ಜೊತೆ ಮಾತಾಡಬಹುದು, ಬೆಟ್ಟದಿಂದ ಹಾರಿ ತೇಲಬಹುದು. ಯಾವ ಅವಸರವೂ ಇಲ್ಲ. ಅವನು ಮುಗಿಸಿದ ಮೇಲೆ ನೀವೂ ಆಡಿ. ಆ ಫೋನ್ ಕರೆ ಅಮ್ಮಂದಿರಿಗೆ ಬೇರೆಯೇ ರೀತಿ ತಟ್ಟುತ್ತದೆ.

ಹಳೇ ಲ್ಯಾಪ್‌ಟಾಪ್, ಕೈಯಲ್ಲಿ ದುಡ್ಡೂ ಕಡಿಮೆ. ಏನು ಆಡಲಿ?
*– ಡಿಪ್ಲೊಮಾ ವಿದ್ಯಾರ್ಥಿ, ಬಳ್ಳಾರಿ*

ಈ ಜಾತಿಯ ಆಟಗಳು ನಿಮಗಾಗಿಯೇ ಇವೆ. ಬಿಲ್ಲಿ ಬ್ಯಾಸೊ ಒಬ್ಬರೇ ಸುಮಾರು ಏಳು ವರ್ಷ ಕೂತು ಮಾಡಿದ ‘ಅನಿಮಲ್ ವೆಲ್’ 2024ರಲ್ಲಿ ಬಂದಾಗ ಅದರ ಗಾತ್ರ 40 ಎಂಬಿಗಿಂತ ಕಡಿಮೆ ಇತ್ತು. ಅದರೊಳಗಿನ ಗುಟ್ಟುಗಳು ಮಾತ್ರ ಮುಗಿಯುವುದೇ ಇಲ್ಲ. ಆಯುಧ ಒಂದೂ ಇಲ್ಲ, ಗುಳ್ಳೆ ಊದುವ ಕೋಲು, ಯೋ-ಯೋ ಇಂಥ ಆಟಿಕೆಗಳಲ್ಲೇ ದಾರಿ ಮಾಡಿಕೊಳ್ಳಬೇಕು. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ತೆಗೆದುಕೊಂಡರೆ, 14 ದಿನದೊಳಗೆ ಮತ್ತು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೋ ಇಲ್ಲವೋ ನೋಡಲು ಅಷ್ಟು ಸಾಕು. ಸೇಲ್ ಬರುವವರೆಗೆ ಕಾಯಿರಿ. ಒಗಟು ಹಳತಾಗುವುದಿಲ್ಲ.

‘ಬ್ಲೂ ಪ್ರಿನ್ಸ್’ ಎಲ್ಲರೂ ಹೊಗಳುತ್ತಾರೆ. ನನಗೆ ಸಿಟ್ಟು ಬರುತ್ತಿದೆ.
*– ಕಾಲೇಜು ಉಪನ್ಯಾಸಕಿ, ಮಂಗಳೂರು*

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. 2025ರ ಈ ಆಟದಲ್ಲಿ 45 ಕೋಣೆಯ ಒಂದು ಬಂಗಲೆ ಇದೆ, 46ನೆಯ ಕೋಣೆ ಹುಡುಕಬೇಕು. ಪ್ರತಿ ಬಾಗಿಲಲ್ಲೂ ಆಟ ಚೀಟಿ ಎತ್ತಿದ ಹಾಗೆ ಮುಂದಿಡುವ ಮೂರು ಕೋಣೆಗಳಲ್ಲಿ ಒಂದನ್ನು ಆರಿಸಿ ಮನೆಯನ್ನು ನೀವೇ ಕಟ್ಟುತ್ತಾ ಹೋಗಬೇಕು, ಮರುದಿನ ಮನೆ ಮತ್ತೆ ಖಾಲಿ. ಯೋಚನೆ ಬಹಳ ಚೆನ್ನಾಗಿದೆ. ಒಂದು ಚಿತ್ರ, ಒಂದು ಚೀಟಿ, ಎಲ್ಲವೂ ಎಲ್ಲಿಗೋ ಕೊಂಡಿ ಹಾಕಿಕೊಂಡಿರುತ್ತದೆ.

ಆದರೆ ಒಗಟು ಬಿಡಿಸಿ ಆಗಿದೆ, ಉತ್ತರ ತಲೆಯಲ್ಲಿದೆ, ಬೇಕಾದ ಕೋಣೆ ಮಾತ್ರ ಬರುತ್ತಿಲ್ಲ. ಇದು ನನಗೂ ಸರಿ ಕಾಣುವುದಿಲ್ಲ. ತಿಳಿದವರಿಗೆ ಬಾಗಿಲು ತೆರೆಯಬೇಕು, ಅದೃಷ್ಟ ಇದ್ದವರಿಗೆ ಅಲ್ಲ. ಇದೇ ಕಾರಣಕ್ಕೆ ನಾನು ಇದನ್ನು ಔಟರ್ ವೈಲ್ಡ್ಸ್ ಪಕ್ಕದಲ್ಲಿ ಇಡುವುದಿಲ್ಲ. ಒಂದು ದಿನಕ್ಕೆ ಒಂದೇ ಗುರಿ ಇಟ್ಟುಕೊಳ್ಳದೆ, ಸಿಕ್ಕ ಕೋಣೆಯಲ್ಲಿ ಏನಿದೆ ಅಂತ ನೋಡುತ್ತಾ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದರೆ ಸಿಟ್ಟು ಸ್ವಲ್ಪ ಇಳಿಯುತ್ತದೆ.

ನನಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ. ಇವುಗಳಲ್ಲಿ ನಾನು ಆಡಬಹುದಾದದ್ದು ಏನಾದರೂ ಇದೆಯೇ? ಕನ್ನಡದಲ್ಲಿ ಯಾಕಿಲ್ಲ?
*– ಪಿಯುಸಿ ವಿದ್ಯಾರ್ಥಿನಿ, ಕೊಪ್ಪಳ*

ಇದೆ. ಓಬ್ರಾ ಡಿನ್, ಬ್ಲೂ ಪ್ರಿನ್ಸ್ ಸದ್ಯಕ್ಕೆ ಬೇಡ, ಅವು ಇಂಗ್ಲಿಷಿನ ಮೇಲೇ ನಿಂತಿವೆ. ಜೇಸನ್ ರಾಬರ್ಟ್ಸ್ ಕೈಯಲ್ಲಿ ಬರೆದ ಚಿತ್ರಗಳ ‘ಗೊರೊಗೋವಾ’ (2017) ಆಡಿ. ಒಂದು ಮಾತೂ ಇಲ್ಲ. ನಾಲ್ಕು ಚೌಕ, ಪ್ರತಿಯೊಂದರಲ್ಲಿ ಒಂದು ಚಿತ್ರ, ಒಂದನ್ನು ಇನ್ನೊಂದರ ಪಕ್ಕ ಇಟ್ಟಾಗ ಅವು ಕೂಡಿಕೊಂಡು ಕಥೆ ಮುಂದೆ ಹೋಗುತ್ತದೆ. 2023ರ ‘ಕೊಕೂನ್’ ಕೂಡ ಹಾಗೆಯೇ ಮಾತಿಲ್ಲದ ಆಟ. ಒಂದು ಗೋಲಿಯೊಳಗೆ ಒಂದು ಲೋಕ, ಆ ಗೋಲಿಯನ್ನು ಬೆನ್ನ ಮೇಲೆ ಹೊತ್ತು ಇನ್ನೊಂದು ಲೋಕಕ್ಕೆ ಹೋಗಬೇಕು. ಭಾಷೆ ಅಡ್ಡ ಬರದಿದ್ದರೆ ಆಟಗಾರರೆಲ್ಲ ಸಮ ಅನ್ನುವುದು ಇವುಗಳಲ್ಲಿ ಗೊತ್ತಾಗುತ್ತದೆ.

ಕನ್ನಡದ ಬಗ್ಗೆ ನಿಮ್ಮಷ್ಟೇ ಆಸೆ ನನಗೂ ಇದೆ. ನಮ್ಮ ಪಕ್ಕದ ತಮಿಳಿನ ಉದಾಹರಣೆ ನೋಡಿ. ಕೆನಡಾದ ಟೊರೊಂಟೊದಲ್ಲಿ ಒಂದು ಸಣ್ಣ ತಂಡ ‘ವೆಂಬಾ’ ಅಂತ ಮಾಡಿತು, 2023ರಲ್ಲಿ. ವಲಸೆ ಹೋದ ತಮಿಳು ಕುಟುಂಬದ ಕಥೆ. ಅಮ್ಮನ ಹಳೇ ಅಡುಗೆ ಪುಸ್ತಕ ಹರಿದುಹೋಗಿದೆ, ಅಳಿಸಿಹೋದ ಸಾಲುಗಳನ್ನು ನೀವು ಊಹಿಸಿ ಅಡುಗೆ ಮಾಡಬೇಕು. ಇಡ್ಲಿ ಬೇಯಿಸುವುದೇ ಒಂದು ಒಗಟು! ಸ್ವತಂತ್ರ ಆಟಗಳ ಹಬ್ಬವಾದ ಐಜಿಎಫ್‌ನಲ್ಲಿ 2024ರ ದೊಡ್ಡ ಪ್ರಶಸ್ತಿ ಅದಕ್ಕೇ ಹೋಯಿತು. ಇಡ್ಲಿ ನಮ್ಮ ಮನೆಯಲ್ಲೂ ದಿನಾ ಬೇಯುತ್ತದೆ, ಒಗಟು ಕಟ್ಟುವ ಜಾಣ್ಮೆಯೂ ನಮ್ಮಲ್ಲಿದೆ. ಯಾರಾದರೂ ಕೂತು ಮಾಡಬೇಕು, ಅಷ್ಟೇ.

ನೀವೇ ಯಾಕೆ ಮಾಡಬಾರದು? ಸ್ಟೀಫನ್ ಲಾವೆಲ್ ಎಂಬುವರು 2013ರಲ್ಲಿ ‘ಪಜಲ್‌ಸ್ಕ್ರಿಪ್ಟ್’ ಅಂತ ಒಂದು ಉಚಿತ ಸಾಧನ ಬಿಟ್ಟರು. ಬ್ರೌಸರ್‌ನಲ್ಲೇ ಓಡುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಪೆಟ್ಟಿಗೆ ತಳ್ಳುವ ಒಂದು ಪೂರ್ತಿ ಆಟದ ನಿಯಮ ಅದರಲ್ಲಿ ಒಂದೇ ಸಾಲು. ಅದರೊಳಗೇ ಇರುವ ಉದಾಹರಣೆ ಆಟಗಳನ್ನು ತೆರೆಯಿರಿ, ಒಂದು ಸಾಲು ಬದಲಿಸಿ, ಏನಾಗುತ್ತದೆ ನೋಡಿ. ಅಲ್ಲಿ ಬೇಕಾಗುವ ಇಂಗ್ಲಿಷ್ ಹತ್ತಿಪ್ಪತ್ತು ಪದ ದಾಟುವುದಿಲ್ಲ. ಮೊದಲ ಆಟ ಮುಗಿದ ಕೂಡಲೇ ಲಿಂಕ್ ನನಗೆ ಕಳಿಸಿ. ಉತ್ತರ ಕಳಿಸಬೇಡಿ, ನಾನೇ ಬಿಡಿಸುತ್ತೇನೆ.